ನನ್ನ ಕೂಗು, ಹೀರೋನ ಬಾಯಿ

ಮದ್ರಾಸಿನ ಒಂದು ಕೋಣೆಯಲ್ಲಿ ನನ್ನ ತಲೆ ಕತ್ತರಿಸಿ ಬುಟ್ಟಿಗೆ ಹಾಕಿದರು. ನಾನು ಪಕ್ಕದಲ್ಲೇ ನಿಂತು ನೋಡಿದೆ. ಹೆದರಬೇಡಿ, ಕತ್ತರಿ ಬಿದ್ದದ್ದು ಫಿಲ್ಮಿಗೆ.

ನಾನು ಐಮಂಗಲದ ಕುರಿಗಾಹಿ. ಜೋಗಿಮಟ್ಟಿ ಬೆಟ್ಟಕ್ಕೆ ಬಂದಿದ್ದ ಸಿನಿಮಾದವರು ನನ್ನ ಒಂದೇ ಕೂಗಿಗೆ ಇಡೀ ಹಿಂಡು ತಿರುಗಿದ್ದನ್ನು ಕಂಡು ಬೆರಗಾಗಿ, ಅದನ್ನು ಫಿಲ್ಮಿನಲ್ಲಿ ಹಿಡಿದು, ಸ್ಟುಡಿಯೋದ ಕುರಿ ನೋಡಿಕೊಳ್ಳಲು ನನ್ನನ್ನೂ ಮದ್ರಾಸಿಗೆ ಕರೆತಂದರು. ಕುರಿಗಳ ಪಕ್ಕದ ಶೆಡ್ಡೇ ನನ್ನ ಮನೆ. ನಮ್ಮ ಕಡೆ ಬಿಸಿಲು ಸುಡುತ್ತದೆ, ಇಲ್ಲಿನದು ಬೇಯಿಸುತ್ತದೆ. ಮುದ್ದೆ ಕೇಳಿದರೆ ‘ಸಾಪ್ಪಾಡು’ ಎಂದು ಅನ್ನ ಸುರಿಯುತ್ತಾರೆ. ಇವರ ಬಾಯಲ್ಲಿ ಊಟಕ್ಕೆ ಅದೇ ಹೆಸರು. ಭಾಷೆ ಬರದಿದ್ದರೇನು? ಒಮ್ಮೆ ಶೂಟಿಂಗ್ ನಡುವೆ ಸುಮ್ಮನೆ ಕೂಗಿದೆ. ತಮಿಳು ಕುರಿಗಳೆಲ್ಲ ಸೆಟ್ಟಿನ ಅರಮನೆಗೆ ನುಗ್ಗಿದವು. ಮಹಾರಾಜ ಸಿಂಹಾಸನದ ಮೇಲೆ ಹತ್ತಿ ನಿಂತ!

ನನ್ನನ್ನು ಸಾಕಿದವಳು ಬಬ್ಬೂರಿನ ಅಕ್ಕ. ಇಷ್ಟು ದೂರ ಬರಲು ಅವಳ ಕಾಲಲ್ಲಿ ಕಸುವಿಲ್ಲ, ಹೋಗಲು ನನಗೆ ರಜೆಯಿಲ್ಲ. ನಮ್ಮೂರಿನ ಲಾರಿ ಡ್ರೈವರ್ ಕೈಲಿ ಹೇಳಿ ಕಳಿಸಿದ್ದೆ: “ಹಿರಿಯೂರು ಟೆಂಟಿನಾಗೆ ಮುಂದೇನೇ ಕುಂತ್ಕಬೇಕಂತೆ ಅನ್ನು. ಪಿಚ್ಚರ್ ಶುರುವಿನಾಗೇ ನನ್ನ ಮುಖ ಐತೆ.”

ಇದ್ದದ್ದೂ ಹಾಗೆಯೇ. ದೂರದಿಂದ ಬೆಟ್ಟ, ಹತ್ತಿರದಿಂದ ಕೂಗುವ ನಾನು, ಆಮೇಲೆ ತಿರುಗಿ ಓಡಿಬರುವ ಕುರಿ. ಮೈಸೂರು ಕಡೆಯ ಎಡಿಟರ್ ನನ್ನನ್ನು ತೆಗೆದು ಆ ಜಾಗಕ್ಕೆ ಹೀರೋನ ಮುಖ ಅಂಟಿಸಿದ. ಹೀರೋ ಜೋಗಿಮಟ್ಟಿ ಕಂಡವನೇ ಅಲ್ಲ. ಇಲ್ಲೇ ಸ್ಟುಡಿಯೋ ಗೋಡೆಯ ಮುಂದೆ ಬಾಯಿ ತೆರೆದಿದ್ದ. ಆದರೂ ಫಿಲ್ಮು ಓಡಿಸಿ ತೋರಿಸಿದಾಗ ಕುರಿಗಳು ಅವನ ಬಳಿಗೇ ಬಂದವು. ನನ್ನ ಕುರಿಗಳು!

“ಲೇ, ಆ ಪೌಡರ್ ಮುಖ ಕಂಡ್ರೆ ನನ್ನ ಕುರಿ ಹಳ್ಳಕ್ಕೆ ಬೀಳ್ತಾವೆ ಕಣೋ,” ಎಂದೆ.

“ತಾತ, ಮೊದಲು ಯಾರ ಮುಖ ಹತ್ತಿರದಿಂದ ತೋರಿಸ್ತೀವೋ, ಕಥೆ ಅವರದು ಅಂತ ಜನ ನಂಬ್ತಾರೆ. ನಿನ್ನ ಮುಖ ಇಟ್ರೆ ಹೀರೋಗೇನು ಕೆಲಸ?”

“ಒಂದು ರೆಪ್ಪೆ ಬಡಿಯಾವಷ್ಟಾದ್ರೂ ಬಿಡಪ್ಪ. ನಮ್ಮಕ್ಕ ನೋಡಾಕೆ ಬರ್ತಾಳೆ.”

ಅವನು ತಲೆ ತಗ್ಗಿಸಿದ. “ಕೂಗು ನಿಂದೇ ಇಟ್ಟಿದ್ದೀನಿ, ತಾತ.”

ಲಾರಿ ಆಗಲೇ ಹೋಗಿತ್ತು. ಹೊರಟ ಮಾತನ್ನು ಹಿಂದಕ್ಕೆ ಕರೆಯುವ ಕೂಗು ನನಗೂ ಬರುವುದಿಲ್ಲ.

ಪಿಚ್ಚರ್ ಹಿರಿಯೂರಿಗೆ ಬಂದಾಗ ಆದದ್ದನ್ನು ಹೇಳಿದವನೂ ಅದೇ ಡ್ರೈವರ್. ಟೆಂಟಿನಲ್ಲಿ ಕೂಗು ಕೇಳಿದ್ದೇ ತಡ, ಅಕ್ಕ ಎದ್ದು ನಿಂತಳಂತೆ. “ಇದು ನನ್ನ ತಮ್ಮನ ದನಿ! ಇವನ್ಯಾವನು?”

“ಕುಂತ್ಕಳಜ್ಜಿ, ಅವನೇ ಹೀರೋ!” ಎಂದು ಹಿಂದಿನವರು ನಕ್ಕರಂತೆ.

ಮಾರನೆಯ ಸಂಜೆ ಮತ್ತೆ ಗಾಡಿ ಕಟ್ಟಿಸಿಕೊಂಡು ಹೋದಳು. ಒಳಗೆ ಹೋಗಲಿಲ್ಲ. ಟೆಂಟಿನ ಹೊರಗೇ ಕೂತು, ಕೂಗು ಕೇಳಿ, ಎದ್ದು ಬಂದಳು.

ಇಲ್ಲಿ ನಾನು ಕೂಗಿದರೆ ಯಾರದೋ ಕುರಿಗಳು ಬಂದು ನನ್ನ ಕೈ ಮೂಸುತ್ತವೆ. ಅಲ್ಲಿ ನನ್ನ ಕೂಗಿಗೆ ಅಕ್ಕ ಬರುತ್ತಾಳೆ, ನಾನಿರುವುದಿಲ್ಲ.