ದಿಬ್ಬ ಕಾಯುವ ಐತಪ್ಪ

ಲಂಡನ್ನಿನ ದಕ್ಷಿಣದ ಅಂಚಿನಲ್ಲಿ, ಸಾಲುಮನೆಗಳ ನಡುವೆ, ಸಾವಿರಾರು ವರ್ಷ ಹಳೆಯ ಮಣ್ಣಿನ ಸಮಾಧಿ ದಿಬ್ಬವೊಂದು ಹುಲ್ಲು ಹೊದ್ದು ಮಲಗಿದೆ. ಯಾರೂ ನೇಮಿಸದಿದ್ದರೂ ಅದರ ಕಾವಲುಗಾರ ನಮ್ಮ ಉಡುಪಿಯ ಐತಪ್ಪ. ಈಸ್ಟ್ ಹ್ಯಾಮ್‌ನ ಹೋಟೆಲಿನಲ್ಲಿ ದೋಸೆ ಹೊಯ್ದು ಹೊಯ್ದು ಬೆನ್ನು ಬಾಗಿದ ಈ ಮನುಷ್ಯ, ಭಾನುವಾರ ಬಂತೆಂದರೆ ಬಸ್ಸು ಬದಲಿಸಿ ಬಂದು, ಹಿಮ ಬೀಳುತ್ತಿದ್ದರೂ ಬೇಲಿಯಾಚೆಗೇ ಬೂಟು ಕಳಚುತ್ತಾನೆ. ದಿಬ್ಬ ಹತ್ತುವ ನಾಯಿಗಳನ್ನು ಗದರಿ ಗದರಿ ಅವಕ್ಕೂ ಈಗ ಕನ್ನಡ ತಿಳಿಯುತ್ತದೆ. "ಎಂತ ಮಾರಾಯ್ರೆ, ಇದು ಗುಡ್ಡೆ ಅಲ್ಲ, ಹಿರಿಯರ ದೂಪೆ" ಎಂದು ನನ್ನನ್ನೂ ಬಿಡುವುದಿಲ್ಲ. ನಮ್ಮ ಕರಾವಳಿಯಲ್ಲಿ ಹೆಣ ಸುಟ್ಟ ಜಾಗದಲ್ಲಿ ಮನೆಯವರೇ ಮಣ್ಣು ಒಟ್ಟಿ ತಟ್ಟುವ ದಿಬ್ಬಕ್ಕೆ ದೂಪೆ ಎನ್ನುತ್ತಾರೆ. "ಬುಟ್ಟಿಯಲ್ಲಿ ಹೊತ್ತದ್ದು ಇದೆಲ್ಲ! ಲಾರಿ ಇತ್ತಾ ಆಗ? ಸತ್ತವರ ಮೇಲೆ ಎಷ್ಟು ಪ್ರೀತಿ ಇರ್ಬೇಕು ಹೇಳಿ" ಎಂದು ದಿಬ್ಬ ಕಟ್ಟಿದ ಆ ಹೆಸರಿಲ್ಲದ ಜನರನ್ನು ಸ್ವಂತ ಸೋದರಮಾವಂದಿರಂತೆ ಹೊಗಳುತ್ತಾನೆ. ಅವನ ಹೆಂಡತಿ ಪ್ರಫುಲ್ಲಾ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಚಿತಾಗಾರದಲ್ಲಿ ಪರದೆ ಎಳೆದರು, ಆಮೇಲೆ ಒಂದು ಡಬ್ಬಿ ಕೊಟ್ಟರು, ಬೂದಿ ನದಿಗೆ ಹೋಯಿತು; ಮೂರನೇ ಮಹಡಿಯ ಫ್ಲಾಟಿನವನಿಗೆ ದೂಪೆ ಕಟ್ಟಲು ಅಂಗೈಯಗಲ ನೆಲವಿಲ್ಲ. ಮೊನ್ನೆ ನಾನು ಹಿಂದೆ ನಿಂತದ್ದು ತಿಳಿಯದೆ, ಅವಳು ಕಿಟಕಿಯಲ್ಲಿ ಬೆಳೆಸಿದ್ದ ಕರಿಬೇವಿನ ಕುಂಡದ ಮಣ್ಣನ್ನು ಕೋಟಿನ ಜೇಬಿನಿಂದ ತೆಗೆದು ದಿಬ್ಬದ ಬುಡಕ್ಕೆ ಹಾಕಿದ. ಮಗು ಮಲಗಿಸುವಂತೆ ಮೆಲ್ಲಗೆ ತಟ್ಟಿದ. "ಇವಳು ಪ್ರಫುಲ್ಲಾ" ಎಂದ, ಒಳಗಿದ್ದವರಿಗೆ. "ಸ್ವಲ್ಪ ಒತ್ತಿ ಮಲ್ಕೊಳ್ಳಿ ಆಯ್ತಾ. ಅವಳಿಗೆ ಚಳಿ ತಡೆಯುದಿಲ್ಲ."