ಅಳಗುಳಿ ಮಣೆಗೊಂದು ಉಳಿ

ಮೊನ್ನೆ ಅಡುಗೆಮನೆಯಲ್ಲಿ ಹೊಸ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದೆ. ಮುಗಿಸಿ ನೋಡಿದರೆ, ಬೀಜವನ್ನೆಲ್ಲ ತೊಳೆದು ಬಟ್ಟೆಯ ಮೇಲೆ ಹರಡಿಬಿಟ್ಟಿದ್ದೇನೆ! ಯಾರೂ ಹೇಳಿರಲಿಲ್ಲ, ಹೇಳಲು ಮನೆಯಲ್ಲಿ ಯಾರೂ ಇಲ್ಲ. ಕೈ ತನ್ನ ಪಾಡಿಗೆ ತಾನು ಹಳೆಯ ಕೆಲಸ ಮಾಡಿತ್ತು.

ಆ ಕೆಲಸ ಕಲಿಸಿದವರು ನಮ್ಮತ್ತೆ. ಯಜಮಾನರು ಹೋದ ಮೇಲೆ ಅರಸೀಕೆರೆಯ ಈ ಮನೆಯಲ್ಲಿ ಉಳಿದವರು ನಾವಿಬ್ಬರೇ. ನಾನು ಪಾಠ ಮುಗಿಸಿ ಸ್ಕೂಲಿನಿಂದ ಬರುವಷ್ಟರಲ್ಲಿ ಅತ್ತೆ ಜಗಲಿಯಲ್ಲಿ ಅಳಗುಳಿ ಮಣೆ ಇಟ್ಟು, ಎರಡೂ ಸಾಲಿನ ಏಳೇಳು ಗುಳಿಗಳಿಗೆ ಹುಣಸೆಬೀಜ ತುಂಬಿ ಕಾಯುತ್ತಿದ್ದರು. "ಬಾ, ಎದುರಿಗೆ ಕೂತ್ಕೋ. ನೀನು ಸೋಲೋ ಹೊತ್ತಾಯ್ತು" ಎನ್ನುತ್ತಿದ್ದರು. ಸೋಲು ತಮ್ಮ ಕಡೆ ವಾಲಿತೆಂದರೆ ಮಾತ್ರ ಅವರಿಗೆ ಎಲ್ಲಿಲ್ಲದ ಕೆಮ್ಮು. ಆ ಕೆಮ್ಮಿನ ಗಲಾಟೆಯಲ್ಲಿ ನಾಲ್ಕಾರು ಬೀಜಗಳು ನನ್ನ ಗುಳಿಯಿಂದ ಅವರ ಗುಳಿಗೆ ದಾಟಿಬಿಡುತ್ತಿದ್ದವು. ನಾನು ನೋಡಿಯೂ ನೋಡದವಳಂತೆ ಬೀದಿಯ ಕಡೆ ಮುಖ ತಿರುಗಿಸುತ್ತಿದ್ದೆ. ಅತ್ತೆ ಸೊಸೆಯರ ಜಗಳ ನೀವು ಎಷ್ಟೋ ಕೇಳಿರುತ್ತೀರಿ, ನಮ್ಮದು ಇಷ್ಟೇ.

ಅತ್ತೆ ತೀರಿಕೊಂಡಾಗ ನಾದಿನಿ ಅಮ್ಮನ ನೆನಪಿಗೆಂದು ಮಣೆ ಕೇಳಿದಳು. ಹೆತ್ತ ಮಗಳು ಕೇಳಿದರೆ ಇಲ್ಲವೆನ್ನಲಾದೀತೇ? ಕೊಟ್ಟೆ. ಆಮೇಲೆ ಸಂಜೆ ಕಾಫಿ ಕುಡಿದು ಲೋಟ ತೊಳೆದ ಮೇಲೆ ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ರಿಟೈರಾದ ಮೇಲೆ ಬೆಳಗಿನ ಹೊತ್ತೂ ಹಾಗೇ ಆಯಿತು. ಹೊಸ ಮಣೆ ಕೊಳ್ಳಬಹುದಿತ್ತು, ಆದರೆ ಅದು ಒಂದೇ ದಿನಕ್ಕೆ ಮುಗಿದುಹೋಗುವ ಕೆಲಸ. ಅಕ್ಕಿ ಡಬ್ಬದ ಕೆಳಗೆ ಹಲಸಿನ ಹಲಗೆಯೊಂದಿತ್ತು. ನಾನೇ ಕೊರೆಯುತ್ತೇನೆಂದು ಹಟ ತೊಟ್ಟೆ. ಗೋಡೆಗೆ ಮೊಳೆ ಹೊಡೆಯಲು ಹೋದರೆ ಬೆರಳಿಗೇ ಹೊಡೆದುಕೊಳ್ಳುವವಳು ನಾನು.

ಊರಿನ ಕಬ್ಬಿಣದ ಅಂಗಡಿಯವನು ಹೊಳೆಯುವ ಉಳಿಗಳ ಕಟ್ಟೊಂದನ್ನು ಮುಂದಿಟ್ಟು, "ಬಾಗಿಲಿಗಾ, ಕಿಟಕಿಗಾ ಮೇಡಂ? ಯಜಮಾನ್ರು ಬರ್ಲಿಲ್ವಾ?" ಎಂದ.

"ಅವರಿಗೆ ಬೇಡ ಕಣಪ್ಪ, ನನಗೆ ಬೇಕು" ಎಂದೆ. ಆಟಕ್ಕೆ ಎನ್ನಲು ನಾಚಿಕೆಯಾಗಿ ಬರಿಗೈಯಲ್ಲಿ ಹೊರಬಂದೆ.

ನಮ್ಮ ಕಡೆಯವರಿಗೆ ಕೆತ್ತನೆ ಎಂದರೆ ಬೇಲೂರು, ಹಳೇಬೀಡು. ಉಳಿ ಬೇಕೆಂದರೂ ಕಾಲು ಅತ್ತಲೇ ಹೋಗುತ್ತದೆ. ಜಾವಗಲ್ ಮೇಲೆ ಹೋಗುವ ಬಸ್ ಹತ್ತಿದೆ. ಹಳೇಬೀಡಿನ ದೇವಸ್ಥಾನದ ಹೊರಗೆ ಸಾಕಮ್ಮ ಎಂಬಾಕೆ ಗೋಣಿಚೀಲದ ಮೇಲೆ ಬಳಪದ ಕಲ್ಲಿನ ಪುಟ್ಟ ಗಣಪತಿಗಳನ್ನಿಟ್ಟುಕೊಂಡು, ಇನ್ನೊಂದನ್ನು ಕೆತ್ತುತ್ತಾ ಕೂತಿದ್ದಳು. ಅವಳ ಉಳಿಗಳಲ್ಲಿ ಒಂದನ್ನು ಕೇಳಿ ಪಡೆದೆ. ಯಾವುದಕ್ಕೆಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಮನೆಗೆ ಬಂದು ಹಲಗೆಗೆ ಹೊಡೆದರೆ ಮರ ಕತ್ತರಿಸಲೇ ಇಲ್ಲ, ನಾರುನಾರಾಗಿ ಜಜ್ಜಿಹೋಯಿತು.

ಮರುದಿನವೇ ಮತ್ತೆ ಬಸ್ ಹತ್ತಿದೆ. ನಿಜ ಹೇಳಬೇಕೆಂದರೆ, ಹೋಗಲು ನೆಪ ಸಿಕ್ಕಿತೆಂದು ಖುಷಿಯಾಗಿತ್ತು.

"ಅಯ್ಯೋ ಅಕ್ಕ, ಇದು ಕಲ್ಲಿನ ಉಳಿ! ಮರಕ್ಕೆ ಹೊಡುದ್ರೆ ನುಜ್ಜಾಗ್ದೆ ಇನ್ನೇನಾಯ್ತದೆ?" ಸಾಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ವಿಷಯ ಕೇಳಿದ ಮೇಲೆ, "ನಮ್ಮವ್ವನೂ ಆಡೋಳು. ಕೊರ್ದು ತಗಂಬನ್ನಿ, ಮಧ್ಯಾಹ್ನ ಗಿರಾಕಿ ಇರಾಕಿಲ್ಲ" ಎಂದಳು. ಬಾಯಿಮಾತಿಗೆ ಎಲ್ಲರೂ ಹಾಗೆ ಕರೆಯುತ್ತಾರೆ ಅಂದುಕೊಂಡೆ.

ಅವಳು ಹೇಳಿದಂತೆ ಬೇಲೂರಿಗೆ ಹೋಗಿ ಮರಗೆಲಸದವರೊಬ್ಬರನ್ನು ವಿಚಾರಿಸಿದೆ. "ಗುಳಿ ತೋಡೋಕೆ ತಾನೆ? ಬಾಯಿ ಬಾಗಿರೋ ಉಳಿ ಒಂದು, ಹೊಡಿಯೋಕೆ ಮರದ ಕೊಡತಿ ಒಂದು. ಹೊಸಬ್ರಿಗೆ ಅಷ್ಟೇ ಸಾಕು ಕಣಮ್ಮ" ಎಂದರು.

"ಇನ್ನೇನೂ ಬೇಡವಾ?"

"ಏನೂ ಬ್ಯಾಡ."

ನಿಮ್ಮ ಹತ್ತಿರ ಮುಚ್ಚಿಡುವುದೇನು, ಆ ಮಾತು ಕೇಳಿ ನನಗೆ ಅಳುವೇ ಬಂತು. ಇನ್ನೂ ನಾಲ್ಕು ಸಾಮಾನು ಬೇಕೆಂದಿದ್ದರೆ ಇನ್ನೂ ನಾಲ್ಕು ಅಂಗಡಿ ಹತ್ತಬಹುದಿತ್ತು. ಏನು ಮಾಡ್ತೀರಿ ಎಂದು ಕೇಳುವವರು ಇನ್ನೂ ನಾಲ್ವರು ಸಿಗುತ್ತಿದ್ದರು. ಆ ಒಂದು ಮಾತಿಗಾಗಿಯೇ ನಾನು ಊರೂರು ಅಲೆಯುತ್ತಿದ್ದೆ ಎಂದು ಬೇಲೂರಿನ ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ತಿಳಿಯಿತು.

ಬೇಲೂರಿನಲ್ಲಿ ಕೊಂಡ ಉಳಿ ಒಳ್ಳೆಯದೇ. ಸೊಟ್ಟಪಟ್ಟಗಾದರೂ ನನ್ನ ಕಡೆಯ ಏಳು ಗುಳಿ ಕೊರೆದೆ. ಎದುರು ಸಾಲಿಗೆ ಬಂದಾಗ ಕೈ ನಿಂತಿತು. ಅಲ್ಲಿ ಕೂರುವವರು ಯಾರು? ಹಲಗೆ ಮತ್ತೆ ಅಕ್ಕಿ ಡಬ್ಬದ ಕೆಳಗೆ ಸೇರಿತು.

ಮೊನ್ನೆ ಆ ಬೀಜಗಳನ್ನು ನೋಡುತ್ತಾ ನೋಡುತ್ತಾ ಎದ್ದು ಹಲಗೆ ಎಳೆದುಕೊಂಡೆ. ನಿನ್ನೆ ಸಂಜೆ ಎದುರು ಸಾಲೂ ಮುಗಿಯಿತು. ಇವತ್ತು ಮಣೆಯನ್ನೂ ಬೀಜಗಳನ್ನೂ ಟವೆಲಿನಲ್ಲಿ ಸುತ್ತಿಕೊಂಡು ಹಳೇಬೀಡಿನಲ್ಲಿ ಇಳಿದೆ. ಬಿಸಿಲಿಗೆ ಗಿರಾಕಿ ಇರಲಿಲ್ಲ. ಸಾಕಮ್ಮ ನನ್ನ ಗುರುತು ಹಿಡಿದು, ಗಣಪತಿಗಳನ್ನೆಲ್ಲ ಒಂದು ಬದಿಗೆ ಸರಿಸಿದಳು.

"ನಾನು ಎಲ್ಲಿ ಕೂತ್ಕಳ್ಳಲಿ ಅಕ್ಕ?"

"ಎದುರಿಗೆ ಕೂತ್ಕೋ," ಎಂದೆ. "ನೀನು ಸೋಲೋ ಹೊತ್ತಾಯ್ತು."

ಆದರೆ ಅವಳ ಕೈ ಬಲು ಚುರುಕು. ನೋಡುನೋಡುತ್ತಿದ್ದಂತೆ ನನ್ನ ಗುಳಿಗಳು ಒಂದೊಂದಾಗಿ ಬರಿದಾದವು. ನನಗೆ ಜೋರಾಗಿ ಕೆಮ್ಮು ಬಂತು. ಸಾಕಮ್ಮ ನೋಡಿಯೂ ನೋಡದವಳಂತೆ ದೇವಸ್ಥಾನದ ಕಡೆ ಮುಖ ತಿರುಗಿಸಿದಳು.