ನಾನು ಹೊಲಿದು ಮುಚ್ಚಿದ ಗಾಳಿಗಂಡಿ

ನನ್ನ ತಂಗಿ ನೆರಳು ಮಾಡುವುದನ್ನು ಕಲಿಯಲು ಕಾಲೇಜಿಗೆ ಹೋಗಿದ್ದಾಳೆ ಎಂದು ನಾನು ನಾಸಿಕದ ಪೇಟೆಯಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದೆ. ಅವಳು ಓದುತ್ತಿದ್ದುದು ಆರ್ಕಿಟೆಕ್ಚರ್, ಸಂಭಾಜಿನಗರದಲ್ಲಿ. ಆಗ ಆ ಊರಿಗೆ ಔರಂಗಾಬಾದ್ ಎನ್ನುತ್ತಿದ್ದೆವು. ನಮ್ಮದು ಮಂಡಪ ಹಾಕುವ ಮನೆ. ಅಪ್ಪ ಬೀದರ್ ಜಿಲ್ಲೆಯಿಂದ ನಾಸಿಕಕ್ಕೆ ಬಂದು ತಾಡಪತ್ರಿ ಹೊಲಿಯುವ ಅಂಗಡಿ ಇಟ್ಟಿದ್ದ. ನಾನು ಒಂಬತ್ತನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟು ಅದರೊಳಗೆ ಹೊಕ್ಕೆ. ಶಾಲೆಗೂ ನನಗೂ ಒಬ್ಬರ ಮೇಲೊಬ್ಬರಿಗೆ ಬೇಸರ ಬಂದಿತ್ತು. ಬಿಟ್ಟಿದ್ದಕ್ಕೆ ಇಬ್ಬರಿಗೂ ಸಮಾಧಾನವೇ ಆಯಿತು.

ಅವಳ ಕಾಲೇಜಿನಲ್ಲಿ ನೆರಳಿನ ಸ್ಪರ್ಧೆ ಇಟ್ಟರು. ಜನ ಬಿಸಿಲಲ್ಲಿ ಕಾಯುವ ಒಂದು ಜಾಗ ಆರಿಸಿ, ಅಲ್ಲಿಗೆ ತಕ್ಕ ನೆರಳನ್ನು ಯೋಚಿಸಿ, ಕೊನೆಗೆ ಕಾಲೇಜಿನ ಬಯಲಲ್ಲಿ ನಿಜವಾದ ಅಳತೆಯಲ್ಲೇ ಕಟ್ಟಿ ತೋರಿಸಬೇಕು. ತಂಗಿಯ ತಂಡ ವೈಜಾಪುರದ ಜೀಪು ನಿಲ್ಲುವ ಜಾಗ ಆರಿಸಿತು. ಊರಿನ ದೊಡ್ಡ ದೊಡ್ಡ ಆರ್ಕಿಟೆಕ್ಟುಗಳು, ಇಂಜಿನಿಯರುಗಳು ರವಿವಾರ ಬಂದು ಹುಡುಗರಿಗೆ ಪುಕ್ಕಟೆ ದಾರಿ ತೋರಿಸುತ್ತಾರೆ, ತಂಡಕ್ಕೊಬ್ಬರು, ಎಂದು ಅವಳು ಫೋನಿನಲ್ಲಿ ಹೇಳಿದಾಗ ನನಗೆ ನಂಬಿಕೆಯೇ ಬರಲಿಲ್ಲ. ರವಿವಾರ ಮಲಗುವುದನ್ನು ಬಿಟ್ಟು ಬೇರೆಯವರ ಮಕ್ಕಳ ಪಕ್ಕ ಕೂರುವ ಗಂಡಸರಿಗೆ ಮನೆಯಲ್ಲಿ ಏನೋ ತೊಂದರೆ ಇರಬೇಕು ಎಂದುಕೊಂಡೆ.

ಅವಳ ತಂಡಕ್ಕೆ ಸಿಕ್ಕ ಸರ್ ಕಲಬುರಗಿ ಕಡೆಯವರು, ಸಂಭಾಜಿನಗರದಲ್ಲೇ ಸ್ವಂತ ಆಫೀಸು ಇಟ್ಟವರು. ಕನ್ನಡದವರು ಎಂದು ತಿಳಿದ ಅವ್ವ ಅವರನ್ನು ಕಾಣದೆಯೇ ಮೆಚ್ಚಿದಳು, ಶೇಂಗಾ ಹೋಳಿಗೆ ಕಟ್ಟಿ ಕಳಿಸಿದಳು. ಸರ್ ಹೋಳಿಗೆ ತಿಂದರಂತೆ, ಉತ್ತರ ಮಾತ್ರ ಒಂದಕ್ಕೂ ಹೇಳಲಿಲ್ಲವಂತೆ. ಅದೇ ಅಲ್ಲಿಯ ಪದ್ಧತಿ. ಮಾರ್ಗದರ್ಶಕರು ಬರೀ ಪ್ರಶ್ನೆ ಕೇಳಬೇಕು. ನಕ್ಷೆಯಲ್ಲಿ ಒಂದು ಗೆರೆಯನ್ನೂ ತಾವಾಗಿ ಬದಲಿಸಬಾರದು. ಬದಲಿಸಿದ್ದು ಗೊತ್ತಾದರೆ ತಂಡ ಸ್ಪರ್ಧೆಯಿಂದ ಹೊರಗೆ. ನನಗೆ ಇದು ಬಹಳ ಸುಖದ ಕೆಲಸವಾಗಿ ಕಂಡಿತು. ಗಿರಾಕಿ ಬಂದು ಮಂಡಪ ಎಷ್ಟು ದೊಡ್ಡದು ಬೇಕು ಎಂದು ಕೇಳಿದರೆ, ನಿಮಗೇನು ಅನ್ನಿಸುತ್ತದೆ ಎಂದು ತಿರುಗಿ ಕೇಳಿ ಹೋಳಿಗೆ ತಿನ್ನುತ್ತ ಕೂತರೆ ಮುಗಿಯಿತು.

ತಂಗಿಗೆ ಗೆಲ್ಲುವುದಕ್ಕಿಂತ ಬೇರೆಯದೇ ಒಂದು ಆಸೆ ಇತ್ತು. ಕೊನೆಯ ವರ್ಷಕ್ಕೆ ಮುಂಚೆ ಅವರೆಲ್ಲ ಯಾವುದಾದರೂ ಆಫೀಸಿನಲ್ಲಿ ಕೆಲಸ ಕಲಿಯಬೇಕಿತ್ತು. ಕಟ್ಟುವವರೆಗೆ ಚೆನ್ನಾಗಿ ಮುಗಿಸಿದರೆ ನಮ್ಮ ಆಫೀಸಿಗೇ ಬಾ ಎಂದು ಸರ್ ಹೇಳಿದ್ದರು. ಅವಳು ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಳು. ಫೋನು ಮಾಡಿದರೆ ಸರ್ ಹಾಗೆ ಕೇಳಿದರು, ಸರ್ ಹೀಗೆ ಕೇಳಿದರು. ಮೊದಲೆಲ್ಲ ಸೈಕಲ್ ಪಂಕ್ಚರಿನಿಂದ ಹಿಡಿದು ಕಾಲೇಜು ಸೇರುವವರೆಗೆ ನನ್ನನ್ನೇ ಕೇಳುತ್ತಿದ್ದವಳು. ನನಗೆ ಹೊಟ್ಟೆಕಿಚ್ಚಾಯಿತು. ಆಗ ಅದಕ್ಕೆ ಕಾಳಜಿ ಎಂದು ಹೆಸರಿಟ್ಟುಕೊಂಡಿದ್ದೆ.

ಬಟ್ಟೆ ಹೊಲಿಯುವ ಕೆಲಸ ನಮ್ಮ ಅಂಗಡಿಗೇ ಬಂತು. ಮಾಲೇಗಾಂವಿನಿಂದ ದಪ್ಪ ಹತ್ತಿ ಬಟ್ಟೆ ತರಿಸಿದೆ. ನಕ್ಷೆಯಲ್ಲಿ ನೆರಳು ಎರಡು ತುಂಡುಗಳಲ್ಲಿತ್ತು. ಮೇಲಿನದು ಕೆಳಗಿನದರ ಅಂಚಿನ ಮೇಲೆ ಚಾಚಿಕೊಂಡು, ನಡುವೆ ಮೊಳದಷ್ಟು ಕಂಡಿ. ಬಿಸಿ ಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ, ಜೋರು ಗಾಳಿ ಬಂದರೂ ಅಲ್ಲಿಂದಲೇ ದಾಟುತ್ತದೆ ಎಂದು ತಂಗಿ ವಿವರಿಸಿದಳು. ಸರ್ ಕೂಡ ಒಮ್ಮೆ ಫೋನು ಮಾಡಿ, ಬಟ್ಟೆ ನೀರು ಬಿದ್ದರೆ ಎಷ್ಟು ಬಿಗಿಯುತ್ತದೆ ಎಂದು ಕೇಳಿದರು. ಬಹಳ ಬಿಗಿಯುತ್ತದೆ ಎಂದೆ. ಅಷ್ಟೇ ಮಾತು.

ಮಂಡಪದವರಿಗೆ ಕಂಡಿ ಎಂದರೆ ಮಾನ ಹೋದಂತೆ. ಮದುವೆಯಲ್ಲಿ ಬೀಗರ ಬೋಳುತಲೆಯ ಮೇಲೆ ಒಂದು ಚೂರು ಬಿಸಿಲು ಬಿದ್ದರೂ ಅವರು ಊಟ ಬಿಟ್ಟು ಎದ್ದು ನಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಬಿಸಿಲು ತೂರದ ಹಾಗೆ ಹೊಲಿಯುವುದನ್ನೇ ಅಪ್ಪ ನನಗೆ ಕಲಿಸಿದ್ದು. ಆ ಎರಡು ತುಂಡುಗಳನ್ನು ನೋಡಿದಾಗಲೆಲ್ಲ ಬೆರಳು ತುರಿಸುತ್ತಿತ್ತು. ಹುಡುಗರು ಪುಸ್ತಕ ಓದಿ ಕಂಡಿ ಬಿಟ್ಟಿದ್ದಾರೆ, ಸರ್ ಪ್ರಶ್ನೆ ಕೇಳುವುದರಲ್ಲಿ ಅದನ್ನು ಮರೆತಿದ್ದಾರೆ, ನಾನು ಮುಚ್ಚಿ ಕೊಟ್ಟರೆ ನೋಡಿದ ಮೇಲೆ ತಂಗಿ ಹೊಗಳುತ್ತಾಳೆ ಎಂದುಕೊಂಡೆ. ಅದೇ ಬಟ್ಟೆಯ ಪಟ್ಟಿ ಇಟ್ಟು ಕಂಡಿಯನ್ನು ಉದ್ದಕ್ಕೂ ಹೊಲಿದುಬಿಟ್ಟೆ. ಹೊಲಿಗೆ ಅಚ್ಚುಕಟ್ಟಾಗಿ ಬಂದಿತ್ತು. ಯಾರಿಗೂ ಹೇಳಲಿಲ್ಲ.

ಸ್ಪರ್ಧೆಯ ದಿನ ಬೆಳಿಗ್ಗೆ ನಮ್ಮ ಟೆಂಪೋದಲ್ಲಿ ಬಟ್ಟೆ ತಂದು ಬಯಲಲ್ಲಿ ಎಳೆದು ಕಟ್ಟಿಸಿದೆ. ತಂಗಿ ತೀರ್ಪುಗಾರರಿಗೆ ತೋರಿಸುವ ಚಿತ್ರಗಳನ್ನು ಅಂಟಿಸುತ್ತ ಕೂತಿದ್ದಳು. ಮೇಲೆ ನೋಡಲು ಅವಳಿಗೆ ಪುರುಸೊತ್ತಿರಲಿಲ್ಲ. ಸರ್ ದೂರದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು, ಮುಟ್ಟುವ ಆಸೆ ಆಗದಿರಲಿ ಎಂಬಂತೆ. ಉಳಿದ ತಂಡಗಳ ನೆರಳುಗಳೂ ಎದ್ದಿದ್ದವು. ಒಂದು ಹೂವಿನ ಹಾಗೆ ಅರಳಿತ್ತು, ಕೆಳಗೆ ನೆರಳು ಮಾತ್ರ ಇರಲಿಲ್ಲ. ಇನ್ನೊಂದರ ಕೆಳಗೆ ನಿಲ್ಲಬೇಕಾದರೆ ನೆಲಕ್ಕೆ ಕೂರಬೇಕಿತ್ತು. ಗೆಲುವು ನಮ್ಮದೇ ಎಂದು ನಾನು ಟೆಂಪೋ ಡ್ರೈವರನಿಗೆ ಚಹಾ ಕುಡಿಸಿದೆ.

ಮಧ್ಯಾಹ್ನ ತೀರ್ಪುಗಾರರು ನಮ್ಮ ಬಳಿ ಬಂದರು. ತಂಗಿ ಮರಾಠಿಯಲ್ಲಿ ವೈಜಾಪುರದ ಬಿಸಿಲು, ಜೀಪಿಗೆ ಕಾಯುವ ಹೆಂಗಸರು, ಎಲ್ಲವನ್ನೂ ಹೇಳಿ, ಬಿಸಿ ಗಾಳಿ ಇಲ್ಲಿಂದ ಹೊರಗೆ ಹೋಗುತ್ತದೆ ಎಂದು ಕೈ ಎತ್ತಿ ತೋರಿಸಿದಳು. ಎಲ್ಲರೂ ಮೇಲೆ ನೋಡಿದರು. ಅಲ್ಲಿ ನನ್ನ ಹೊಲಿಗೆ ಇತ್ತು. ಅವಳ ಕೈ ಹಾಗೇ ಮೇಲೆ ನಿಂತಿತು. ಅಷ್ಟರಲ್ಲಿ ಗಾಳಿ ಬೀಸಿತು. ಬಟ್ಟೆ ತುಂಬು ಬಸುರಿಯ ಹಾಗೆ ಉಬ್ಬಿ ಒಂದು ಬಿದಿರನ್ನು ಬುಡಸಮೇತ ಕಿತ್ತುಕೊಂಡು ತೀರ್ಪುಗಾರರ ಚಹಾದ ಮೇಜಿನ ಮೇಲೆ ಕೂತಿತು. ಯಾರಿಗೂ ಪೆಟ್ಟಾಗಲಿಲ್ಲ. ಬಿಸ್ಕತ್ತು ಮಾತ್ರ ಬಯಲೆಲ್ಲ ಓಡಾಡಿತು.

ಹಿರಿಯ ತೀರ್ಪುಗಾರ್ತಿ ಸೀರೆ ಒರೆಸಿಕೊಂಡು ನಕ್ಷೆ ತರಿಸಿ ನೋಡಿದರು. ನಕ್ಷೆಯಲ್ಲಿ ತೆರೆದದ್ದು ಇಲ್ಲಿ ಹೇಗೆ ಮುಚ್ಚಿತು, ಯಾರು ಬದಲಿಸಿದರು ಎಂದು ಕೇಳಿದರು. ತಂಗಿಯ ಮುಖ ಸುಣ್ಣದಂತಾಗಿತ್ತು. ಅವಳು ಸರ್ ಕಡೆ ತಿರುಗಿದಳು.

"ಸರ್, ನೀವು ಅಣ್ಣಗ ಫೋನ್ ಮಾಡಿದ್ರಲ್ರಿ. ಇದು ನೀವು ಹೇಳಿದ್ದೇನ್ರಿ?"

ಸರ್ ನನ್ನ ಕಡೆ ನೋಡಿದರು. ತಂಗಿಯೂ ನೋಡಿದಳು. ನಾನು ಬಿದ್ದ ಬಿದಿರಿನ ಹಗ್ಗ ಬಿಚ್ಚತೊಡಗಿದೆ. ಅದನ್ನು ಆಗ ಬಿಚ್ಚುವ ಅಗತ್ಯ ಏನೂ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಸರ್, ಕಟ್ಟುವಾಗ ನಾನೇ ನೋಡಬೇಕಿತ್ತು, ತಪ್ಪು ನನ್ನದು ಎಂದು ತೀರ್ಪುಗಾರರಿಗೆ ಮರಾಠಿಯಲ್ಲಿ ಹೇಳಿದರು. ಅವರು ಹೇಳಿದ್ದು ಇಷ್ಟೇ. ತೀರ್ಪುಗಾರರು ಅದನ್ನು ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡರು. ಮಾರ್ಗದರ್ಶಕರು ಕೈ ಹಾಕಿದ್ದಾರೆ ಎಂದು ತಂಡವನ್ನು ಹೊರಗಿಟ್ಟರು.

ಹೂವಿನಂಥ ನೆರಳು ಗೆದ್ದಿತು. ಸರ್ ಹೇಳಿಯೇ ನಾನು ಹೊಲಿದೆ ಎಂದು ನಂಬಿದ ತಂಗಿ ಅವರ ಆಫೀಸಿಗೆ ಹೋಗಲಿಲ್ಲ. ಪುಣೆಯಲ್ಲಿ ಇನ್ನೆಲ್ಲೋ ಸೇರಿದಳು, ಅಲ್ಲಿ ಅರ್ಧ ವರ್ಷ ಶೌಚಾಲಯದ ಟೈಲ್ಸಿನ ಲೆಕ್ಕ ಬರೆದಳು. ದೊಡ್ಡ ಮಂದಿ ಪುಕ್ಕಟೆ ಬರುವುದು ತಮ್ಮ ಬುದ್ಧಿ ತೋರಿಸುವುದಕ್ಕೆ ಎಂದು ಆಮೇಲೆ ಬಹಳ ಕಾಲ ಹೇಳುತ್ತಿದ್ದಳು. ನಾನು ಹೌದೌದು ಎನ್ನುತ್ತಿದ್ದೆ. ನನ್ನ ತಪ್ಪು ಹೊಲಿದದ್ದಕ್ಕಿಂತ ಹೆಚ್ಚಾಗಿ ಈ ಹೌದೌದು.

ಕೆಲವು ವರ್ಷ ಕಳೆದು ಒಂದು ಮಂಡಪದ ಕೆಲಸಕ್ಕೆ ಸಂಭಾಜಿನಗರಕ್ಕೆ ಹೋದಾಗ ಸರ್ ಆಫೀಸು ಹುಡುಕಿಕೊಂಡು ಹೋದೆ. ತಂಗಿಯ ಮುಂದಿಗಿಂತ ಹೊರಗಿನವರ ಮುಂದೆ ತಪ್ಪು ಒಪ್ಪುವುದು ಸುಲಭ ಎಂಬ ಲೆಕ್ಕ. ಗುರುತು ಹಿಡಿದು ಕೂರಿಸಿ ಚಹಾ ತರಿಸಿದರು. ನಾನು ಹೊಲಿಗೆಯ ವಿಷಯ ಹೇಳಿದೆ.

"ಗೊತ್ತಿತ್ರಿ," ಎಂದರು. "ಆವತ್ತು ನೀವೇ ಹೇಳ್ತೀರಿ ಅಂತ ಕಾದೆ. ನೀವು ಹಗ್ಗಾನೇ ಬಿಚ್ಚಲಾಕತ್ತಿದ್ರಿ."

"ನೀವಾದ್ರೂ ಹೇಳಬೇಕಿತ್ತಲ್ರಿ ಸರ್."

"ತಂಗಿ ಎದುರಿಗಿ ಅಣ್ಣನ ಹೆಸರು ಹ್ಯಾಂಗ ಹೇಳ್ಲಿ? ಅಕಿ ಈಗ ಏನಂತಾಳ?"

ಅವಳಿಗೆ ಇನ್ನೂ ಹೇಳಿಲ್ಲ ಎಂದೆ. ಸರ್ ಚಹಾದ ಕಪ್ಪು ಕೆಳಗಿಟ್ಟು, ಹಾಗಾದ್ರ ನನ್ನ ಕಡಿ ಯಾಕ ಬಂದ್ರಿ ಎಂದು ಕೇಳಿದರು. ಅವರ ಕೆಲಸವೇ ಪ್ರಶ್ನೆ ಕೇಳುವುದು.

ಅವರ ಆಫೀಸಿನ ಮೆಟ್ಟಿಲ ಮೇಲೆ ನಿಂತೇ ತಂಗಿಗೆ ಫೋನು ಮಾಡಿದೆ. ಆರಂಭದಿಂದ ಕೊನೆಯವರೆಗೆ ಹೇಳಿದೆ, ಹೊಟ್ಟೆಕಿಚ್ಚನ್ನೂ ಬಿಡದೆ. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ನಾ ಆ ಮನುಷ್ಯಾನ್ನ ಎಲ್ಲಾರ ಎದುರಿಗಿ ನೀವೇ ಹೇಳಿದ್ದೇನ್ರಿ ಅಂತ ಕೇಳೀನಿ ಅಣ್ಣಾ," ಎಂದಳು. "ಬಳಿಕ ಒಮ್ಮಿನೂ ಮಾತಾಡ್ಸಿಲ್ಲ." ಆಮೇಲೆ, "ಸರ್ ನಂಬರ್ ಕೊಡು," ಎಂದಳು.

ಮತ್ತೆ ಮೆಟ್ಟಿಲು ಹತ್ತಿ ನಂಬರು ಬರೆಸಿಕೊಂಡು ಬಂದು ಕಳಿಸಿದೆ. ಅವತ್ತಿನಿಂದ ಅವಳು ಅವ್ವನಿಗೆ ಫೋನು ಮಾಡುತ್ತಾಳೆ, ಅಣ್ಣನಿಗೆ ಕೊಡು ಎನ್ನುವುದಿಲ್ಲ. ಸರ್ ಜೊತೆ ಮಾತ್ರ ಎಂಟು ದಿನಕ್ಕೊಮ್ಮೆಯಾದರೂ ಮಾತಾಡುತ್ತಾಳಂತೆ. ಅದನ್ನು ಸರ್ ನನಗೆ ಹೇಳಿದರು. ಅವಳ ಕೆಲಸ ಹೇಗೆ ನಡೆದಿದೆ ಎಂದು ಕೇಳಲು ಈಗ ನಾನು ಅವರಿಗೇ ಫೋನು ಮಾಡಬೇಕು.